ಹಕ್ಕಿಗಳ ಹಬ್ಬವೂ ಊರಿನ ಹುಣಸೆಮರಗಳೂ

ಸಂಕ್ರಾಂತಿಯ ದಿನ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುವ ಪದ್ಧತಿಯು ನಮ್ಮ ಗ್ರಾಮಗಳಲ್ಲಿ ಉಂಟು. ಆಯುಧಪೂಜೆಯಲ್ಲಿ ನೇಗಿಲು ನೊಗಗಳಿಗೆ ಅರಿಶಿನ ಕುಂಕುಮಗಳು ಸಲ್ಲುತ್ತವೆ. ನಾಗರಪಂಚಮಿಯಲ್ಲಿ ಹುತ್ತಕ್ಕೆ ಹಾಲೆರೆಯುವರು. ಬೇಸಾಯಕ್ಕೆ ಒದಗಿಬರುವ ಪ್ರಾಣಿ ಪದಾರ್ಥಗಳಲ್ಲಿ ಬಹುಮಟ್ಟಿಗೆ ಎಲ್ಲಕ್ಕೂ ವರ್ಷಕ್ಕೆ ಒಂದು ದಿನವನ್ನು ಮೀಸಲಿಟ್ಟಿರುವ ನಮ್ಮ ರೈತರು ಹಕ್ಕಿಗಳನ್ನು ಪೂರ್ತಿಯಾಗಿ ಮರೆತರೆಂದು ಹೇಳಲಾಗದು. ಉತ್ತರದ ಜಿಲ್ಲೆಗಳಲ್ಲಿ ಎಳ್ಳಮಾವಾಸ್ಯೆಯ ದಿನ ಹೊಲದ ಸುತ್ತ ಚರಗ ಚೆಲ್ಲುವಾಗ ಅದರ ಬಹುಪಾಲು ಹಕ್ಕಿಗಳ ಹೊಟ್ಟೆಗೇ ಸೇರುವುದು. ಆದರೆ ಹಕ್ಕಿಗಳ ಹೆಸರಿನಲ್ಲಿಯೇ ನಡೆಯುವ ಉತ್ಸವವು ಈಚಿನದು. ೨೦೧೫ರಲ್ಲಿ ಕರ್ನಾಟಕದ ಅರಣ್ಯ ಇಲಾಖೆಯವರು ರಂಗನತಿಟ್ಟಿನಲ್ಲಿ ಹಕ್ಕಿ ಹಬ್ಬವನ್ನು ನಡೆಸಿದರು. ಅನಂತರ ಬೇರೆ ಬೇರೆ ಸ್ಥಳಗಳಲ್ಲಿಯೂ ಅಂತಹ ಹಬ್ಬಗಳು ನಡೆದಿವೆ. ಇವುಗಳಿಗೆ ದುರ್ಬೀನು ಕ್ಯಾಮೆರಾಗಳನ್ನು ಹಿಡಿದು ಪಟ್ಟಣಗಳಿಂದ ಜನರು ಬರುವರು, ನೋಡುವರು, ಹಿಂದಿರುಗುವರು. ಅದರಿಂದ ಪ್ರಯೋಜನವಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಆದರೆ ಈ ಲೇಖನದಲ್ಲಿ ವಿಚಾರಮಾಡತಕ್ಕದ್ದು ಬೇರೊಂದು ಬಗೆಯ ಹಬ್ಬವನ್ನು ಕುರಿತು. ಊರಿನವರೇ ತಮ್ಮ ಊರಿನ ಹಕ್ಕಿಗಳಿಗಾಗಿ ಮಾಡುವ ಹಬ್ಬವೆಂಬುದು ಏನು, ಅದರಿಂದ ಮರದ ಯಜಮಾನನಿಗೂ ಕೆರೆಯ ಅಚ್ಚುಕಟ್ಟಿನ ರೈತನಿಗೂ ಆಗುವ ಲಾಭನಷ್ಟಗಳೇನು ಎಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ನಮ್ಮ ಸೀಮೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಸಮೀಪವಾಗಿ, ಕೊಕ್ಕರೆ ಬೆಳ್ಳೂರು ಎಂಬ ಗ್ರಾಮವಿದೆ. ಊರಿನ ಹೆಸರೇ ಅಲ್ಲಿಯ ಸಂಗತಿಯನ್ನು ತಿಳಿಸುವುದು. ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಪ್ರತಿವರ್ಷವೂ ಮಳೆಗಾಲ ಕಳೆದ ಮೇಲೆ ಈ ಊರಿಗೆ ಬಂದು, ಮನೆಗಳ ನಡುವೆ ಇರುವ ಹುಣಸೆಮರಗಳಲ್ಲಿಯೂ ಅರಳಿ ಮೊದಲಾದ ಮರಗಳಲ್ಲಿಯೂ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳು ಬಲಿತ ಮೇಲೆ ಬೇಸಿಗೆಯ ಕೊನೆಯ ಹೊತ್ತಿಗೆ ಹೊರಟುಹೋಗುವುವು. ಹೆಜ್ಜಾರ್ಲೆಯು ಸಾಮಾನ್ಯವಾದ ಹಕ್ಕಿಯಲ್ಲ. ತೂಕದಲ್ಲಿ ಐದು ಕಿಲೋಗಳಷ್ಟು ಬರುವ, ಕೊಕ್ಕಿನ ಕೆಳಗೆ ಜೋಳಿಗೆಯುಳ್ಳ ಈ ಹಕ್ಕಿಯು ಭಾರತ, ಶ್ರೀಲಂಕಾ, ಕಾಂಬೋಡಿಯಾ ಮುಂತಾದ ಕೆಲವೇ ದೇಶಗಳಲ್ಲಿ ಸಂತಾನವನ್ನು ಬೆಳೆಸುವುದು. ಅಂತಹ ಹಕ್ಕಿಯು ಕಾಡನ್ನು ಬಿಟ್ಟು, ದನಕರುಗಳೂ ಮಕ್ಕಳೂ ಓಡಾಡುವ ಬೀದಿಯ ಮೇಲ್ಗಡೆ ನಿರ್ಭಯವಾಗಿ ಗೂಡು ಕಟ್ಟುವುದೆಂದರೆ ಅದು ಆ ಊರಿನವರ ನಡತೆಗೆ ದೊರೆತ ಯೋಗ್ಯತಾಪತ್ರವೆಂದೇ ಹೇಳಬೇಕು.

ಅಲ್ಲಿಯ ಜನರು ಈ ಹಕ್ಕಿಗಳನ್ನು ಹೆರಿಗೆಗಾಗಿ ತವರಿಗೆ ಬಂದ ಹೆಣ್ಣುಮಕ್ಕಳಂತೆ ಎಣಿಸುತ್ತಾರೆ. ಅವು ಬಂದ ವರ್ಷ ಮಳೆಬೆಳೆಗಳು ಚೆನ್ನಾಗಿ ಆಗುವುವೆಂಬ ನಂಬಿಕೆಯೂ ಉಂಟು. ಈ ನಂಬಿಕೆಯನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ಸರಿಯಲ್ಲ. ಮಳೆ ಚೆನ್ನಾಗಿ ಬಿದ್ದು ಕೆರೆಗಳು ತುಂಬಿದರೆ ಮೀನು ಹೇರಳವಾಗುವುದು. ಮೀನು ಹೇರಳವಾದರೆ ಹಕ್ಕಿಗಳು ಹೆಚ್ಚಾಗಿ ಬರುವುವು. ಹಕ್ಕಿಯು ಮಳೆಯನ್ನು ತರದಿದ್ದರೂ ಕೆರೆ ತುಂಬಿರುವುದನ್ನು ಸಾರುವುದು ನಿಜವೇ ಆಗಿದೆ.

ನಂಬಿಕೆಯ ಜೊತೆಗೆ ಲಾಭವೂ ಇತ್ತು. ಗೂಡುಗಳಿರುವ ಮರದ ಬುಡದಲ್ಲಿ ಗುಂಡಿಯನ್ನು ತೋಡಿ, ಅದಕ್ಕೆ ಕೆರೆಯ ಗೋಡುಮಣ್ಣನ್ನು ತಂದು ತುಂಬುವುದು ಆ ಊರಿನ ಹಳೆಯ ವಾಡಿಕೆ. ಮೇಲಿನಿಂದ ಬೀಳುವ ಹಿಕ್ಕೆಯೂ, ಮರಿಗಳ ಬಾಯಿಂದ ಜಾರಿದ ಮೀನಿನ ತುಣುಕುಗಳೂ ಆ ಮಣ್ಣಿನೊಡನೆ ಬೆರೆತು ಕಳಿತು ಒಳ್ಳೆಯ ಗೊಬ್ಬರವಾಗುವುದು. ಮೀನು ತಿನ್ನುವ ಹಕ್ಕಿಗಳ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ವಿಶೇಷವಾಗಿರುವುದರಿಂದ ಅದನ್ನು ಹಸಿಯಾಗಿ ಗಿಡಕ್ಕೆ ಹಾಕಿದರೆ ಬೇರು ಸುಡುವ ಸಂಭವವುಂಟು. ಗೋಡಿನೊಡನೆ ಬೆರೆಸಿ ಹದಕ್ಕೆ ತರುವುದು ಬುದ್ಧಿವಂತರ ಕೆಲಸ. ಯಾವ ಶಾಲೆಯಲ್ಲಿಯೂ ಕಲಿಯದೆ ರೈತರು ಕಂಡುಕೊಂಡ ಈ ಕ್ರಮವನ್ನು ನಾವು ಮೆಚ್ಚಲೇಬೇಕು.

ಹೀಗಿದ್ದರೂ ಲೆಕ್ಕದ ಮತ್ತೊಂದು ಮಗ್ಗುಲನ್ನು ಮರೆಮಾಚುವುದು ನ್ಯಾಯವಲ್ಲ. ಹುಣಸೆಯ ಹಣ್ಣನ್ನು ಬಡಿದು ಇಳಿಸುವ ಕಾಲವೂ ಮರದಲ್ಲಿ ಮೊಟ್ಟೆಮರಿಗಳಿರುವ ಕಾಲವೂ ಒಂದೇ. ಮರವನ್ನು ಹತ್ತಿ ಕೊಂಬೆ ಅಲುಗಿಸಿದರೆ ಗೂಡು ಉಳಿಯುವುದಿಲ್ಲ. ಗೂಡನ್ನು ಉಳಿಸಿದರೆ ಆ ವರ್ಷದ ಹಣ್ಣು ಕೈಗೆ ಹತ್ತುವುದಿಲ್ಲ. ದೊಡ್ಡ ಹುಣಸೆಮರವೊಂದು ಬಡ ಸಂಸಾರಕ್ಕೆ ಎಷ್ಟು ಆಧಾರವೆಂಬುದು ವಾಚಕರಿಗೆ ತಿಳಿಯದ ವಿಷಯವಲ್ಲ. ಮೇಲಾಗಿ ವಾಸನೆ, ಅಂಗಳದಲ್ಲಿ ಬೀಳುವ ಹೊಲಸು, ಸೂರಿನ ಮೇಲಿನ ಬಿಳಿಕಲೆ ಇವೆಲ್ಲ ಮರದ ಯಜಮಾನನ ಪಾಲಿಗೇ ಸೇರಿದವು. ಇಟ್ಟಿಗೆಯ ಗೂಡಿಗೆ ಸೌದೆ ಬೇಕೆಂದು ಬರುವ ವ್ಯಾಪಾರಿಯು ರೊಕ್ಕವನ್ನು ಎಣಿಸಿ ಮುಂದಿಟ್ಟಾಗ ಅಂತಹವನ ಮನಸ್ಸು ಯಾವ ಕಡೆಗೆ ವಾಲುವುದೆಂದು ಊಹಿಸುವುದು ಕಷ್ಟವಲ್ಲ. ಹಕ್ಕಿಯನ್ನು ನೋಡಿ ಆನಂದಿಸುವವರು ಹಲವರು, ಅದರ ವೆಚ್ಚವನ್ನು ಹೊರುವವನು ಒಬ್ಬ. ಇದೇ ಈ ವಿಷಯದಲ್ಲಿರುವ ತೊಡಕಿನ ಗಂಟು.

೧೯೭೬ರಲ್ಲಿ ಅರಣ್ಯಾಧಿಕಾರಿಗಳಾಗಿದ್ದ ಶ್ರೀ ಎಸ್. ಜಿ. ನೇಗಿನಹಾಳರು ಈ ಗ್ರಾಮದ ಹೆಜ್ಜಾರ್ಲೆಗಳ ಸಂಗತಿಯನ್ನು ಪಕ್ಷಿಶಾಸ್ತ್ರಜ್ಞರ ಗಮನಕ್ಕೆ ತಂದರು. ಅಂದಿನಿಂದ ಸರ್ಕಾರವು ಮರದ ಯಜಮಾನರಿಗೆ ಹಣ್ಣಿನ ನಷ್ಟಕ್ಕೆ ಬದಲಾಗಿ ಪರಿಹಾರಧನವನ್ನು ಕೊಡುವ ಏರ್ಪಾಡು ನಡೆದುಬಂದಿತು. ಈ ಮೊಬಲಗು ಮರದ ನಿಜವಾದ ಉತ್ಪತ್ತಿಗೆ ಸಮನಲ್ಲವೆಂಬ ದೂರು ಯಜಮಾನರಲ್ಲಿ ಕೇಳಿಬಂದುದುಂಟು, ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ಮುಂದೆ ೧೯೯೦ರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪ್ರಕೃತಿಶಾಸ್ತ್ರಜ್ಞರ ನೆರವಿನಿಂದ ಗ್ರಾಮದ ಯುವಕರೇ ಹೆಜ್ಜಾರ್ಲೆ ಬಳಗವೆಂಬ ಸಂಘವನ್ನು ಕಟ್ಟಿಕೊಂಡರು. ಗೂಡಿನಿಂದ ಕೆಳಕ್ಕೆ ಬಿದ್ದ ಮರಿಗೆ ತಾಯಿಯು ನೆಲದ ಮೇಲೆ ಉಣಿಸುವುದಿಲ್ಲವಾದ್ದರಿಂದ, ಅದು ನಾಯಿಯ ಬಾಯಿಗೆ ಬೀಳುವುದು ಅಥವಾ ಹಸಿವಿನಿಂದ ಸಾಯುವುದು. ಬಳಗದವರು ಅಂತಹ ಮರಿಗಳನ್ನು ಬೇಲಿ ಹಾಕಿದ ಆವರಣದಲ್ಲಿ ಇಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುತ್ತಿದ್ದರು. ೨೦೦೭ರಲ್ಲಿ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಸಮುದಾಯ ಮೀಸಲು ಎಂಬ ಮಾತನ್ನು ಕೇಳಿ ಜಮೀನುದಾರರು ಭಯಪಡುವುದುಂಟಾದ್ದರಿಂದ ಎರಡು ಮಾತುಗಳನ್ನು ಇಲ್ಲಿಯೇ ಹೇಳುವುದು ಒಳ್ಳೆಯದು. ವನ್ಯಜೀವಿ ಸಂರಕ್ಷಣೆಯ ಕಾಯಿದೆಗೆ ೨೦೦೩ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಮೇರೆಗೆ, ಜನರು ತಾವಾಗಿಯೇ ಮುಂದೆ ಬಂದಲ್ಲಿ ಮಾತ್ರ ಖಾಸಗಿ ಅಥವಾ ಗ್ರಾಮದ ಜಮೀನನ್ನು ಹೀಗೆ ಘೋಷಿಸಬಹುದು. ಒಡೆತನವು ಸರ್ಕಾರಕ್ಕೆ ಹೋಗುವುದಿಲ್ಲ. ಆಡಳಿತದ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯು ಹೆಸರಿಸುವ ಕನಿಷ್ಠ ಐದು ಮಂದಿ ಇರತಕ್ಕದ್ದು. ಆದರೆ ಘೋಷಣೆಯಾದ ಮೇಲೆ ಭೂಮಿಯ ಬಳಕೆಯ ರೀತಿಯನ್ನು ಬದಲಾಯಿಸಬೇಕಾದರೆ ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಬೇಕಾಗುವುವು. ಈ ಕಟ್ಟನ್ನು ಮೊದಲೇ ಅರಿತು ಒಪ್ಪಬೇಕೇ ಹೊರತು, ಸಭೆಯ ಸಂಭ್ರಮದಲ್ಲಿ ರುಜು ಹಾಕಿ ಆಮೇಲೆ ಪಶ್ಚಾತ್ತಾಪಪಡಬಾರದು.

ಪಕ್ಷಿಗಳಿಗಾಗಿ ಗ್ರಾಮಸ್ಥರು ಸರ್ಕಾರದಿಂದ ಪತ್ರವನ್ನು ಪಡೆದುಕೊಂಡ ಸಂಗತಿಯು ಹೊಸದೇನೂ ಅಲ್ಲ. ತಮಿಳುನಾಡಿನ ಚೆಂಗಲ್ಪಟ್ಟು ಸೀಮೆಯ ವೇಡಂತಾಂಗಲ್ ಗ್ರಾಮದ ಕೆರೆಯಲ್ಲಿ ನೀರುಹಕ್ಕಿಗಳು ಬಹುಕಾಲದಿಂದ ಗೂಡು ಕಟ್ಟುತ್ತಿವೆ. ಕಂಪೆನಿಯ ಕಾಲದಲ್ಲಿ ಸಿಪಾಯಿಗಳು ಆ ಹಕ್ಕಿಗಳನ್ನು ಗುಂಡಿಟ್ಟು ಕೊಲ್ಲಲಾಗಿ, ಗ್ರಾಮಸ್ಥರು ಕಲೆಕ್ಟರರಾದ ಲಯೊನೆಲ್ ಪ್ಲೇಸ್ ಎಂಬವರಲ್ಲಿ ದೂರಿಕೊಂಡು, ೧೭೯೮ರ ಸುಮಾರಿನಲ್ಲಿ ಹಕ್ಕಿಗಳನ್ನು ಕೊಲ್ಲಕೂಡದೆಂಬ ಕೌಲನ್ನು ಪಡೆದರು. ಇದಕ್ಕೆ ಕಾರಣವು ಕನಿಕರವೊಂದೇ ಅಲ್ಲ. ಹಿಕ್ಕೆ ಬಿದ್ದು ಸಾರವಾದ ಕೆರೆಯ ನೀರು ಗದ್ದೆಗೆ ಹರಿದರೆ ಭತ್ತದ ಬೆಳೆ ಹೆಚ್ಚುವುದೆಂಬುದನ್ನು ಅವರು ಅನುಭವದಿಂದ ತಿಳಿದಿದ್ದರು. ಭೂಮಿಗೆ ಕೌಲು ಬರೆಸಿಕೊಳ್ಳುವುದನ್ನು ನಮ್ಮ ಹಿರಿಯರು ಬಲ್ಲರು. ಹಕ್ಕಿಗೆ ಕೌಲು ಬರೆಸಿದ ಆ ಊರಿನವರ ದೂರದೃಷ್ಟಿಯು ಅಪೂರ್ವವಾದದ್ದು.

ಇನ್ನು ಹಬ್ಬದಿಂದ ಏನಾಗಬಲ್ಲದು ಎಂಬುದಕ್ಕೆ ಅಸ್ಸಾಮಿನ ಕಾಮರೂಪ ಜಿಲ್ಲೆಯ ದಾದರಾ ಮೊದಲಾದ ಗ್ರಾಮಗಳ ವೃತ್ತಾಂತವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಅಲ್ಲಿ ಹರ್ಗಿಲಾ ಎಂಬ ಹಕ್ಕಿಯುಂಟು. ಎಲುಬು ನುಂಗುವುದೆಂದು ಆ ಹೆಸರಿನ ಅರ್ಥ. ಆಳೆತ್ತರದ ಈ ಕೊಕ್ಕರೆಯ ಜಾತಿಯ ಹಕ್ಕಿಯು ಬೋಳುತಲೆಯದು, ನೋಟಕ್ಕೆ ಕುರೂಪಿ. ಸತ್ತ ಪ್ರಾಣಿಗಳನ್ನೂ ಕಸದ ರಾಶಿಯನ್ನೂ ಕೆದಕುವಂತಹದು. ರೈತರ ಹಿತ್ತಲಿನ ಎತ್ತರವಾದ ಕದಂಬ ಮುಂತಾದ ಮರಗಳಲ್ಲಿ ಗೂಡು ಕಟ್ಟಿ, ಎಲುಬು ಮಾಂಸದ ಚೂರುಗಳನ್ನು ಕೆಳಕ್ಕೆ ಕೆಡಹಿ, ದುರ್ವಾಸನೆಯನ್ನು ಹರಡುವುದು. ಇದನ್ನು ಅಪಶಕುನವೆಂದು ಜನರು ತಿಳಿದಿದ್ದರು. ೨೦೦೭ರ ಸುಮಾರಿನಲ್ಲಿ ಒಬ್ಬ ಯಜಮಾನನು ಇಂತಹ ಮರವನ್ನು ಕಡಿಸಿದಾಗ ಮರಿಗಳು ನೆಲಕ್ಕೆ ಬಿದ್ದುವು. ಪಕ್ಷಿಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದ ಪೂರ್ಣಿಮಾ ದೇವಿ ಬರ್ಮನ್ ಎಂಬ ಮಹಿಳೆಯು ಅದನ್ನು ಕಂಡು ಪ್ರಶ್ನಿಸಲು, ಊರಿನವರು ಅವರನ್ನೇ ಗೇಲಿಮಾಡಿದರು.

ಆಕೆಯು ಮರದ ಯಜಮಾನರನ್ನು ಬೈಯಲಿಲ್ಲ, ಕಾಯಿದೆಯನ್ನು ತೋರಿಸಿ ಹೆದರಿಸಲೂ ಇಲ್ಲ. ಅವರನ್ನು ಸಭೆಗೆ ಕರೆದು, ನಾಲ್ಕು ಜನರ ಮುಂದೆ ಮರ್ಯಾದೆ ಮಾಡಿ, ಈ ಮರಗಳ ರಕ್ಷಕರು ಇವರೇ ಎಂದು ಪ್ರಕಟಪಡಿಸಿದರು. ಹೆಂಗಸರಿಗೆ ಸಿಹಿತಿಂಡಿ ಮಾಡುವ ಪಂದ್ಯಗಳನ್ನು ಏರ್ಪಡಿಸಿ, ಆ ನೆಪದಲ್ಲಿ ಹಕ್ಕಿಯ ವಿಚಾರವನ್ನು ಮನೆಮನೆಗೂ ಮುಟ್ಟಿಸಿದರು. ಹಕ್ಕಿಗಳು ಗೂಡು ಕಟ್ಟುವ ಕಾಲಕ್ಕೆ, ಬಸುರಿ ಹೆಂಗಸಿಗೆ ಮಾಡುವ ಶಾಸ್ತ್ರವನ್ನೇ ಹೆಂಗಸರೆಲ್ಲರೂ ಸೇರಿ ಹಾಡುಗಳೊಡನೆ ಹರ್ಗಿಲಾಕ್ಕೆ ಮಾಡುವ ಸಂಪ್ರದಾಯವು ಬೆಳೆಯಿತು. ನಮ್ಮಲ್ಲಿ ಅದನ್ನು ಸೀಮಂತವೆನ್ನುವೆವು. ಮಗ್ಗದ ಸೀರೆಗಳ ಮೇಲೆ ಹಕ್ಕಿಯ ಚಿತ್ರವನ್ನು ನೇಯ್ದು ಮಾರಿದ್ದರಿಂದ ಸಂಸಾರಗಳಿಗೆ ನಾಲ್ಕು ಕಾಸು ಸೇರಿತು. ಗೂಡಿನ ಕೆಳಗೆ ಬಲೆಯನ್ನು ಕಟ್ಟಿ ಬೀಳುವ ಮರಿಗಳನ್ನು ಉಳಿಸಿದರು. ಹರ್ಗಿಲಾ ಸೇನೆಯೆಂಬ ಹೆಸರಿನ ಈ ಹೆಂಗಸರ ಸಂಘದಲ್ಲಿ ಸಾವಿರಾರು ಮಂದಿ ಇದ್ದಾರೆ. ಮೊದಲಲ್ಲಿ ಮೂವತ್ತರ ಒಳಗೆ ಇದ್ದ ಗೂಡುಗಳು ಇನ್ನೂರನ್ನು ಮೀರಿದವು. ಅವಸಾನದ ಅಂಚಿನಲ್ಲಿದ್ದ ಹಕ್ಕಿಗಳ ಪಟ್ಟಿಯಿಂದ ೨೦೨೩ರಲ್ಲಿ ಇದನ್ನು ಕಡಿಮೆ ಅಪಾಯದ ವರ್ಗಕ್ಕೆ ಇಳಿಸಲಾಯಿತು. ಶ್ರೀಮತಿ ಬರ್ಮನ್ ಅವರಿಗೆ ೨೦೨೨ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿಯು ದೊರೆಯಿತು. ವಾಸನೆಯೇನೂ ಕಡಿಮೆಯಾಗಲಿಲ್ಲ, ಹಕ್ಕಿಯೇನೂ ಚೆಲುವಾಗಲಿಲ್ಲ. ಮರದ ಯಜಮಾನನಿಗೆ ಊರಿನಲ್ಲಿದ್ದ ಸ್ಥಾನವೊಂದು ಬದಲಾಯಿತು, ಅಷ್ಟೇ.

ಆದುದರಿಂದ ಯಾವ ಗ್ರಾಮದಲ್ಲಿ ಗೂಡುಮರಗಳಾಗಲಿ ಹಕ್ಕಿ ಸೇರುವ ಕೆರೆಯಾಗಲಿ ಇರುವುದೋ ಅಲ್ಲಿಯ ಮುಖಂಡರು ಹಬ್ಬವನ್ನು ಮಾಡಲು ಮನಸ್ಸು ಮಾಡಿದರೆ, ಮೊದಲ ಮರ್ಯಾದೆಯು ಮರದ ಯಜಮಾನನಿಗೆ ಸಲ್ಲತಕ್ಕದ್ದು. ಅತಿಥಿಗಳಾಗಿ ಬಂದ ಅಧಿಕಾರಿಗಳ ಕೊರಳಿಗೆ ಹಾರ ಹಾಕಿ, ಮರ ಉಳಿಸಿದವನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸುವ ಹಬ್ಬದಿಂದ ಒಂದು ಗೂಡೂ ಹೆಚ್ಚುವುದಿಲ್ಲ. ಹಬ್ಬಕ್ಕೆಂದು ಕೂಡಿಸಿದ ಚಂದಾಹಣದಲ್ಲಿ ಒಂದು ಭಾಗವನ್ನು ಹಣ್ಣು ಬಿಟ್ಟುಕೊಟ್ಟವರಿಗೆಂದು ಬೇರೆಯಾಗಿ ತೆಗೆದಿಡುವುದೂ ಯುಕ್ತ. ಸರ್ಕಾರದ ಪರಿಹಾರವು ತಡವಾದ ವರ್ಷದಲ್ಲಿ ಅದು ಒದಗೀತು.

ಕಾಲನಿರ್ಣಯದಲ್ಲಿ ಎಚ್ಚರಿಕೆ ಬೇಕು. ಹಕ್ಕಿಯು ಮೊಟ್ಟೆಯ ಮೇಲೆ ಕುಳಿತಿರುವಾಗ ಮರದ ಕೆಳಗೆ ಧ್ವನಿವರ್ಧಕವನ್ನಿಟ್ಟು, ಪಟಾಕಿ ಸುಟ್ಟು, ತಮಟೆ ಬಾರಿಸಿದರೆ ಅದು ಗಾಬರಿಯಿಂದ ಮೇಲೇಳುವುದು. ಅಷ್ಟರಲ್ಲಿ ಕಾಗೆ ಹದ್ದುಗಳು ಮೊಟ್ಟೆಯನ್ನು ಕದಿಯುವುವು, ಇಲ್ಲವೇ ಬಿಸಿಲಿಗೆ ಎಳೆಯ ಮರಿಯು ಬೆಂದುಹೋಗುವುದು. ಹಕ್ಕಿಯ ಹೆಸರಿನ ಹಬ್ಬದಿಂದಲೇ ಹಕ್ಕಿಯ ಸಂತಾನವು ಹಾಳಾಗುವುದಕ್ಕಿಂತ ನಗೆಗೇಡು ಮತ್ತೊಂದುಂಟೇ? ತಮಿಳುನಾಡಿನ ಶಿವಗಂಗೆ ಜಿಲ್ಲೆಯಲ್ಲಿ ವೆಟ್ಟಂಗುಡಿ ಪಕ್ಷಿಧಾಮದ ಸಮೀಪದ ಕೊಳ್ಳುಕುಡಿಪಟ್ಟಿಯ ಜನರು ಹಕ್ಕಿಗಳಿಗಾಗಿ ದೀಪಾವಳಿಯಲ್ಲಿ ಪಟಾಕಿಯನ್ನೇ ಬಿಟ್ಟವರಾಗಿದ್ದಾರೆ. ಆದಕಾರಣ ಗೂಡು ಕಟ್ಟುವುದಕ್ಕೆ ಮೊದಲು, ಹಕ್ಕಿಗಳು ಬರತೊಡಗುವ ದಿನಗಳಲ್ಲಿ ಹಬ್ಬವನ್ನು ಇಟ್ಟುಕೊಳ್ಳುವುದು ಲೇಸು. ಪಕ್ಷಿಶಾಸ್ತ್ರಜ್ಞರಾದ ಡಾಕ್ಟರ್ ಸಲೀಂ ಅಲಿಯವರು ಹುಟ್ಟಿದ ನವೆಂಬರ್ ೧೨ನೆಯ ತಾರೀಖು ಬಹಳ ಊರುಗಳಿಗೆ ಒಗ್ಗುವುದು. ೧೯೪೦ರಲ್ಲಿ ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟನ್ನು ಪಕ್ಷಿಧಾಮವನ್ನಾಗಿ ಮಾಡುವಂತೆ ಮೈಸೂರಿನ ಮಹಾರಾಜರ ಸರ್ಕಾರಕ್ಕೆ ಸೂಚಿಸಿದವರು ಅವರೇ. ಊಟ, ಸಭೆ, ಭಜನೆಗಳನ್ನು ಮರಗಳಿಂದ ದೂರವಾಗಿ, ಶಾಲೆಯ ಬಯಲಿನಲ್ಲಿ ನಡೆಸಬೇಕು. ಜನವರಿಯಲ್ಲಿ ನೀರುಹಕ್ಕಿಗಳ ಗಣತಿಯು ದೇಶದಲ್ಲೆಲ್ಲಾ ನಡೆಯುವುದರಿಂದ ಆಗ ಶಾಲೆಯ ಮಕ್ಕಳಿಂದ ಸದ್ದಿಲ್ಲದೆ ಎಣಿಕೆ ಮಾಡಿಸಬಹುದು.

ಮರವಿದ್ದರೆ ಸಾಲದು, ಕೆರೆಯೂ ಚೆನ್ನಾಗಿರಬೇಕು. ೨೦೧೭ನೆಯ ಡಿಸೆಂಬರಿನಲ್ಲಿ ಮೊದಲಾಗಿ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದರಂತೆ ಹತ್ತಾರು ಸತ್ತುವು. ಕೊಯ್ದು ಪರೀಕ್ಷಿಸಲಾಗಿ ಹೊಟ್ಟೆಯಲ್ಲಿ ದುಂಡುಹುಳುಗಳು ಕಂಡುಬಂದುವು. ಇಂತಹ ಹುಳುಗಳು ಮೀನಿನ ಮೂಲಕ ಹಕ್ಕಿಗೆ ಸೇರತಕ್ಕವು. ಊರಿನ ಮರಗಳಲ್ಲಿ ಹಕ್ಕಿಯನ್ನು ಎಷ್ಟು ಪ್ರೀತಿಯಿಂದ ಕಂಡರೂ, ಅದು ಮೇಯುವ ಕೆರೆಗೆ ಚರಂಡಿಯ ನೀರನ್ನು ಬಿಟ್ಟರೆ ಪ್ರೀತಿಯು ನಿಷ್ಫಲ. ತೈಲೂರು ಕೆರೆಯಂತಹ ಸುತ್ತಮುತ್ತಲಿನ ಕೆರೆಗಳೇ ಆ ಹಕ್ಕಿಗಳ ಅನ್ನದ ಬಟ್ಟಲುಗಳಾಗಿವೆ. ಆದ್ದರಿಂದ ಹಬ್ಬಕ್ಕೆ ಅಕ್ಕಪಕ್ಕದ ಕೆರೆಗಳ ಗ್ರಾಮದವರನ್ನೂ ಕರೆಯತಕ್ಕದ್ದು. ಹೂಳು ತೆಗೆಸುವಾಗ ಕೆರೆಯನ್ನು ಬಾಣಲೆಯಂತೆ ಒಂದೇ ಸಮನಾಗಿ ತೋಡಿಸದೆ, ಒಂದೆರಡು ಕಡೆ ಮಣ್ಣಿನ ತಿಟ್ಟುಗಳನ್ನು ಉಳಿಸಿ ಕರಿಜಾಲಿಯನ್ನು ಬೆಳೆಸಬೇಕು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ನೀರಿನ ನಡುವೆ ನಿಂತ ಕರಿಜಾಲಿಯ ಮರಗಳೇ ಸಾವಿರಾರು ಹಕ್ಕಿಗಳಿಗೆ ಆಶ್ರಯ. ಆ ಊರ ಕೆರೆಯು ೨೦೨೪ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ ಲೋಕವಿಖ್ಯಾತವಾಯಿತು.

ಹಕ್ಕಿಗಳಿಂದ ಬೆಳೆಗೆ ಹಾನಿಯಿಲ್ಲವೇ ಎಂದು ರೈತರು ಕೇಳುವುದು ಸಹಜ. ಇದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯುವುವು. ಜೋಳದ ತೆನೆಯ ಮೇಲೆ ಗೀಜಗವೂ, ಸೂರ್ಯಕಾಂತಿಯ ಮೇಲೆ ಗಿಳಿಯೂ ಬೀಳುವುದನ್ನು ಅಲ್ಲಗಳೆಯುವವರು ಹೊಲವನ್ನೇ ಕಾಣದವರಿರಬೇಕು. ಆದರೆ ಹೊಲದ ಹಕ್ಕಿಗಳೆಲ್ಲಾ ಒಂದೇ ಬಗೆಯವಲ್ಲ. ನೇಗಿಲ ಹಿಂದೆ ಬರುವ ಬೆಳ್ಳಕ್ಕಿ ಗೊರವಂಕಗಳು ಮಣ್ಣಿನಿಂದ ಮೇಲೆದ್ದ ಹುಳುಗಳನ್ನು ಹೆಕ್ಕುವುವು. ತೊಗರಿ ಕಡಲೆಗಳಿಗೆ ಕಾಯಿಕೊರಕ ಬಿದ್ದಾಗ, ಎಕರೆಗೆ ಎಂಟು ಹತ್ತು ಕಡೆ ಅಡ್ಡಪಟ್ಟಿ ಬಡಿದ ಗಳುಗಳನ್ನು ನೆಟ್ಟರೆ ಕಾಜಾಣ ಮುಂತಾದವು ಅದರ ಮೇಲೆ ಕುಳಿತು ಹುಳುವನ್ನು ಹಿಡಿಯುವುವು. ತೊಗರಿಯ ಹೊಲದಲ್ಲಿ ಅರಿಶಿನ ಕಲೆಸಿದ ಅನ್ನವನ್ನು ಚೆಲ್ಲಿ ಹಕ್ಕಿಗಳನ್ನು ಕರೆಯುವ ರೈತರೂ ಉಂಟು. ಕಾಳಿನ ಬೆಳೆಗಳಲ್ಲಿ ಮಾತ್ರ ತೆನೆ ಹಾಲುಗಟ್ಟುವ ಹೊತ್ತಿಗೆ ಗಳುಗಳನ್ನು ಕಿತ್ತುಹಾಕತಕ್ಕದ್ದು. ಕಣಜಗೂಬೆಯನ್ನು ಅಶುಭವೆಂದು ಕಲ್ಲೆಸೆಯುವವರು, ರಾತ್ರಿಯೆಲ್ಲಾ ಅದು ಹಿಡಿಯುವ ಇಲಿಗಳು ಯಾರ ಕಣಜದವು ಎಂದು ಯೋಚಿಸುವುದಿಲ್ಲ. ವಿಷವನ್ನು ತಿಂದು ಸಾಯುತ್ತಿರುವ ಇಲಿಯನ್ನು ಹಿಡಿದ ಗೂಬೆಗೂ ಆಪತ್ತು ತಪ್ಪದಾದ್ದರಿಂದ ಇಲಿಪಾಷಾಣವನ್ನು ಬಯಲಿನಲ್ಲಿ ಎರಚಬಾರದು. ಸತ್ತ ಇಲಿಗಳನ್ನು ಹೂಳಿಸಬೇಕು. ಹಬ್ಬದ ದಿನ ಈ ವಿಷಯಗಳನ್ನು ಕೃಷಿಯ ಸಿಬ್ಬಂದಿಯಿಂದ ಹೊಲದಲ್ಲಿಯೇ ತೋರಿಸುವಂತೆ ಏರ್ಪಡಿಸಿದರೆ ಉಪನ್ಯಾಸಗಳಿಗಿಂತ ಹೆಚ್ಚು ಫಲವಾಗುವುದು.

ಕೊನೆಯದಾಗಿ ದಾಖಲೆಯ ವಿಚಾರ. ಪಂಚಾಯಿತಿಯಲ್ಲಿ ಒಂದು ಪುಸ್ತಕವನ್ನಿಟ್ಟು, ಗೂಡಿರುವ ಪ್ರತಿಯೊಂದು ಮರಕ್ಕೂ ನಂಬರು ಕೊಟ್ಟು, ಯಜಮಾನನ ಹೆಸರು, ಮರದ ಜಾತಿ, ಆ ವರ್ಷದ ಗೂಡುಗಳ ಸಂಖ್ಯೆ, ಬಿಟ್ಟುಕೊಟ್ಟ ಹಣ್ಣಿನ ಅಂದಾಜು, ಬಂದ ಪರಿಹಾರ ಇವುಗಳನ್ನು ವರ್ಷವರ್ಷವೂ ಬರೆಯಿಸಿ, ಹಬ್ಬದ ಸಭೆಯಲ್ಲಿ ಎಲ್ಲರ ಮುಂದೆ ಓದಿಸತಕ್ಕದ್ದು. ಪರಿಹಾರವು ಸಾಲದೆಂದು ಸರ್ಕಾರಕ್ಕೆ ಅರ್ಜಿ ಬರೆಯುವಾಗ ಈ ಪುಸ್ತಕದ ಹತ್ತು ವರ್ಷಗಳ ಲೆಕ್ಕವು ಬಾಯಿಮಾತಿಗಿಂತ ಬಲವಾದ ಸಾಕ್ಷಿಯಾಗುವುದು. ಹಳೆಯ ಮರಗಳು ಮುಪ್ಪಾಗಿ ಬೀಳುವುವಾದ್ದರಿಂದ ಅದೇ ಪುಸ್ತಕದಲ್ಲಿ ಹೊಸದಾಗಿ ನೆಟ್ಟ ಸಸಿಗಳಿಗೂ ಒಂದು ಅಂಕಣವಿರಲಿ. ಹುಣಸೆಯ ಸಸಿಯು ಗೂಡನ್ನು ಹೊರುವಷ್ಟು ದೊಡ್ಡದಾಗಲು ಹಲವು ದಶಕಗಳು ಬೇಕು. ಸಸಿಗಳನ್ನು ಈ ಮಳೆಗಾಲದಲ್ಲಿಯೇ ಗುಂಡುತೋಪಿನಲ್ಲಿಯೂ ಕೆರೆಯ ಹಿನ್ನೀರಿನ ಅಂಚಿನಲ್ಲಿಯೂ ನೆಡಿಸಿ, ಮೊದಲ ಮೂರು ಬೇಸಿಗೆಗಳಲ್ಲಿ ನೀರೆರೆಯುವ ಹೊಣೆಯನ್ನು ಮನೆಗಳಿಗೆ ಹಂಚಿಕೊಡಬೇಕು.